ನಾಲ್ಕು ನಿಮಿಷ ಮೊದಲೇ ಬಿಟ್ಟ ಗ್ರಹಣ

ಹೋದ ತಿಂಗಳು ಬಳ್ಳಾರಿಯ ಕಾಲೇಜೊಂದರ ಭೌತಶಾಸ್ತ್ರದ ಮೇಷ್ಟ್ರು ಮನೆಗೆ ಬಂದಿದ್ದರು. ನೀವು ಹಿಂದೆ ಬಲೂನಿನ ಕೇಂದ್ರದಲ್ಲಿ ಇದ್ದಿರಂತೆ, ನಮ್ಮ ಹುಡುಗ ಹುಡುಗಿಯರಲ್ಲಿ ಕೆಲವರು ಇದೇ ದಾರಿಗೆ ಹೋಗುವವರಿದ್ದಾರೆ, ಅವರಿಗಾಗಿ ಏನಾದರೂ ಬರೆದುಕೊಡಿ ಎಂದರು. ನಾನು ವಿಜ್ಞಾನಿ ಅಲ್ಲ, ನನ್ನ ಕೆಲಸ ಎಣಿಸುವುದಾಗಿತ್ತು ಎಂದೆ. ಹಾಗಾದರೆ ಎಣಿಸಿದ್ದನ್ನೇ ಬರೆಯಿರಿ ಎಂದು ಚಹಾ ಕುಡಿದು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿದ್ದ ನನಗೆ ಕೋಟೆ ಗುಡ್ಡದ ಬುಡದ ಒಂದು ಬಾಡಿಗೆ ಮನೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತು. ಮೂರು ಕೋಣೆಯ ಮನೆ. ಮಾಳಿಗೆಯ ಮೇಲೆ ಹೊರಸು ಮಂಚದ ಚೌಕಟ್ಟನ್ನು ನಿಲ್ಲಿಸಿದಂತೆ ಕಾಣುವ ಆಂಟೆನಾ. ಓಣಿಯವರು ಅದನ್ನು ರೇಡಿಯೋ ಮನೆ ಎನ್ನುತ್ತಿದ್ದರು. ಅಲ್ಲಿ ಇದ್ದವರು ಮೂರೇ ಜನ. ಪಂಪಾಪತಿ ಸರ್ ಕೇಂದ್ರದ ಮುಖ್ಯಸ್ಥರು, ನಲವತ್ತು ದಾಟಿದ ಸಣಕಲು ಮನುಷ್ಯ, ಯಾವಾಗಲೂ ಜೇಬಿನಲ್ಲಿ ಕೆಂಪು ಪೆನ್ಸಿಲು. ಖಾಸಿಂಸಾಬ್ ಜೀಪಿನ ಚಾಲಕ. ಮೂರನೆಯವಳು ನಾನು, ಗೌರಮ್ಮ.

ನಮ್ಮ ಕೆಲಸ ಏನೆಂಬುದನ್ನು ಮೊದಲ ದಿನವೇ ಸರ್ ಮಾಳಿಗೆ ಮೇಲೆ ಕರೆದುಕೊಂಡು ಹೋಗಿ ಹೇಳಿದರು. ಎದುರಿಗೆ ಗುಡ್ಡವಿತ್ತು. ಅದನ್ನೇ ತೋರಿಸಿದರು.

"ನೋಡಮ್ಮಾ, ಖಾಸಿಂಸಾಬ್ ದೀಪಾ ಹಚ್ಚಿಕೊಂಡು ಈ ಗುಡ್ಡದ ಸುತ್ತ ಜೀಪು ಓಡಸ್ತಾನ ಅಂತ ತಿಳಕೋ. ಗುಡ್ಡದ ಹಿಂದ ಹೋದಾಗ ದೀಪ ಕಾಣಾದಿಲ್ಲ. ಯಾವಾಗ ಮರಿಯಾತು, ಯಾವಾಗ ಹೊರಗ ಬಂತು, ಅಷ್ಟ ಬರಕೊಂತ ಹೋದ್ರ ಗುಡ್ಡ ಎಷ್ಟು ದಪ್ಪ ಐತಿ, ಜೀಪು ಎಷ್ಟು ದೂರದಾಗ ತಿರಗತೈತಿ, ಎಲ್ಲಾ ಇಲ್ಲೇ ಕುಂತು ಹೇಳಬೌದು."

ಆಕಾಶದಲ್ಲಿ ಹರ್ಕ್ಯುಲಿಸ್ ಎಂಬ ತಾರಾಪುಂಜದಲ್ಲಿ ಅಂಥ ಒಂದು ಜೋಡಿಯಿತ್ತು. ಒಂದು ದೊಡ್ಡ ನಕ್ಷತ್ರ, ಅದನ್ನು ಸುತ್ತುವ ಇನ್ನೊಂದು ನ್ಯೂಟ್ರಾನ್ ನಕ್ಷತ್ರ. ನ್ಯೂಟ್ರಾನ್ ನಕ್ಷತ್ರ ಎಂದರೆ ಸತ್ತ ನಕ್ಷತ್ರವೊಂದು ತನ್ನ ಭಾರಕ್ಕೆ ತಾನೇ ಕುಸಿದು ಒಂದು ಊರಿನಷ್ಟೇ ಅಗಲವಾಗಿ ಉಳಿದಿದ್ದು. ದೊಡ್ಡದರಿಂದ ಅನಿಲ ಹರಿದು ಸಣ್ಣದರ ಮೇಲೆ ಬಿದ್ದು, ಕಾದು, ಎಕ್ಸ್-ರೇ ಹೊರಡುತ್ತದೆ. ನಲವತ್ತೊಂದು ಗಂಟೆಗೊಮ್ಮೆ ಸಣ್ಣದು ದೊಡ್ಡದರ ಹಿಂದೆ ಹೋಗುತ್ತದೆ, ಐದಾರು ಗಂಟೆ ಎಕ್ಸ್-ರೇ ಬರುವುದಿಲ್ಲ. ಅದೇ ಗ್ರಹಣ. ನಮ್ಮ ಗಾಳಿ ಎಕ್ಸ್-ರೇಯನ್ನು ನೆಲದವರೆಗೆ ಬಿಡುವುದಿಲ್ಲವಾದ್ದರಿಂದ ಉಪಕರಣವನ್ನು ಪೆಟ್ಟಿಗೆಯಲ್ಲಿಟ್ಟು ದೊಡ್ಡ ಬಲೂನಿಗೆ ಕಟ್ಟಿ ಗಾಳಿ ತೆಳುವಾಗುವ ಎತ್ತರಕ್ಕೆ ಕಳಿಸುತ್ತಿದ್ದರು. ಬಿಡುವ ಮೈದಾನ ಪೂರ್ವಕ್ಕೆ, ಆಂಧ್ರದಲ್ಲಿತ್ತು. ಬೇಸಿಗೆ ಶುರುವಾಗುವ ಹೊತ್ತಿಗೆ ಮೇಲಿನ ಗಾಳಿ ತಿರುಗಿ ಬಲೂನು ನಮ್ಮ ಕಡೆ ತೇಲಿಬರುತ್ತಿತ್ತು. ಅವರ ಕಡೆ ಸಂಕೇತ ಕ್ಷೀಣಿಸಿ ಗೊರಗೊರ ಎನ್ನತೊಡಗಿದಾಗ ನಾವು ಹಿಡಿಯಬೇಕು. ಅದಕ್ಕೇ ಬಳ್ಳಾರಿಯಲ್ಲಿ ಈ ಕೇಂದ್ರ.

ಮನೆಗೆ ಹೋಗಿ ಅವ್ವನಿಗೆ ಇದನ್ನೆಲ್ಲ ವಿವರಿಸಿದೆ. ಆಕೆ ಕೇಳಿದ್ದು ಒಂದೇ. ಎರಡು ದಿನಕ್ಕೊಮ್ಮೆ ಗ್ರಹಣ ಹಿಡಿಯುವುದಾದರೆ ಸ್ನಾನ, ಅಡಿಗೆಯ ಕಥೆ ಏನು ಎಂದು. ಈ ಗ್ರಹಣಕ್ಕೆ ಅದೇನೂ ಬೇಕಿಲ್ಲ ಎಂದೆ. ಹಾಗಾದರೆ ಅದು ಗ್ರಹಣವೇ ಅಲ್ಲ ಎಂದು ತೀರ್ಮಾನ ಕೊಟ್ಟು ಒಳಗೆ ಹೋದಳು.

ಎಣಿಸುವುದು ಎಂದರೆ ಹೀಗೆ. ಉದ್ದನೆಯ ಕಾಗದದ ಸುರುಳಿಯೊಂದು ಯಂತ್ರದಲ್ಲಿ ನಿಧಾನವಾಗಿ ಸರಿಯುತ್ತಿತ್ತು. ಅದರ ಮೇಲೆ ಎರಡು ಲೇಖನಿ. ಒಂದು, ಬಂದ ಎಕ್ಸ್-ರೇ ಕಣಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಬರೆಯುವುದು. ಇನ್ನೊಂದು ಅಂಚಿನಲ್ಲಿ ನಿಮಿಷಕ್ಕೊಂದು ಗೀಟು ಎಳೆಯುವುದು. ಬಲೂನು ಇಳಿದ ಮೇಲೆ ಆ ಸುರುಳಿಯನ್ನು ಮೇಜಿನ ಮೇಲೆ ಹಾಸಿ, ಗೀಟಿನಿಂದ ಗೀಟಿಗೆ ಮೆಟ್ಟಿಲು ಎಣಿಸಿ, ಪುಸ್ತಕದಲ್ಲಿ ಬರೆದು, ಆಮೇಲೆ ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡಬೇಕು. ಗ್ರಹಣವಿದ್ದಾಗಲೂ ಎಣಿಕೆ ಸೊನ್ನೆ ಆಗುವುದಿಲ್ಲ. ಆಕಾಶದ ಬೇರೆ ಬೇರೆ ಮೂಲೆಯಿಂದ ಬರುವ ಗದ್ದಲ ಇದ್ದೇ ಇರುತ್ತದೆ. ಗ್ರಹಣ ಬಿಟ್ಟಾಗ ಅದರ ಮೇಲೆ ಒಂದಿಷ್ಟು ಜಾಸ್ತಿ. ಆ ಜಾಸ್ತಿಯೇ ನಕ್ಷತ್ರ.

ನನ್ನ ಮೊದಲ ಹಾರಾಟದಲ್ಲಿ ಆ ಜಾಸ್ತಿ ಬರಲೇ ಇಲ್ಲ. ನಾಲ್ಕು ದಿನ ಎಣಿಸಿದೆ, ಚುಕ್ಕೆಗಳೆಲ್ಲ ಇರುವೆ ಸಾಲಿನ ಹಾಗೆ ಒಂದೇ ಮಟ್ಟದಲ್ಲಿ ಸಾಗಿದವು. ನಾನೇ ಎಲ್ಲೋ ತಪ್ಪಿದೆ ಎಂದು ಮತ್ತೊಮ್ಮೆ ಎಣಿಸಿದೆ. ಸರ್ ಉಪಕರಣವೇ ಕೆಟ್ಟಿರಬೇಕು ಎಂದು ಪೆಟ್ಟಿಗೆ ಬಿಚ್ಚಿ ಕುಳಿತರು. ತಿಂಗಳಾದ ಮೇಲೆ ಹೊರದೇಶದ ವಿಜ್ಞಾನ ಪತ್ರಿಕೆ ತಲುಪಿತು. ಈ ನಕ್ಷತ್ರ ಗ್ರಹಣವನ್ನು ಬಿಟ್ಟು ಇನ್ನೂ ಒಂದು ಲಯದಲ್ಲಿ ಮಂಕಾಗುತ್ತದೆ, ಮೂವತ್ತೈದು ದಿನದಲ್ಲಿ ಹತ್ತು ಹನ್ನೊಂದು ದಿನ ಮಾತ್ರ ಚೆನ್ನಾಗಿ ಕಾಣುತ್ತದೆ ಎಂದು ಅದರಲ್ಲಿತ್ತು. ನಾವು ಅದು ಮಂಕಾದ ದಿನಗಳಲ್ಲಿ ಬಲೂನು ಹಾರಿಸಿದ್ದೆವು. ಸರ್ ಪತ್ರಿಕೆ ಮಡಚಿ, "ರಜಾದ ಮ್ಯಾಲೆ ಹೋಗಿತ್ತಮ್ಮ ಅದು" ಎಂದರು. ಅವರು ನಕ್ಕರು. ನನಗೆ ಮಾತ್ರ ಅಂದಿನಿಂದ ಒಳಗೊಂದು ಅಪನಂಬಿಕೆ ಉಳಿಯಿತು. ಆಮೇಲಿನ ಹಾರಾಟಗಳಲ್ಲಿ ಜಾಸ್ತಿ ಬಂದಾಗಲೂ ಇದು ನಕ್ಷತ್ರವೋ, ನನ್ನ ಕಣ್ಣಿನ ದಣಿವೋ ಎಂದು ಅನುಮಾನ. ಸರ್ ಹೇಳುತ್ತಾರೆ, ಬರೆಯುತ್ತೇನೆ. ಅಷ್ಟೇ.

ಎಣಿಸುವುದರ ಜೊತೆಗೆ ಇನ್ನೊಂದು ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾರಾಟ ಮುಗಿದಾಗ ರೇಡಿಯೋ ಆಜ್ಞೆ ಕೊಟ್ಟು ಹಗ್ಗ ಕತ್ತರಿಸುತ್ತಾರೆ. ಪೆಟ್ಟಿಗೆ ಪ್ಯಾರಾಚೂಟಿನಲ್ಲಿ ಎಲ್ಲೋ ಇಳಿಯುತ್ತದೆ. ಅದನ್ನು ಹುಡುಕಿ ತರಬೇಕು. ಪೆಟ್ಟಿಗೆಯ ಮೇಲೆ ಕನ್ನಡ, ತೆಲುಗು, ಉರ್ದುವಿನಲ್ಲಿ ನಮ್ಮ ವಿಳಾಸದ ಜೊತೆ ಒಂದು ಸೂಚನೆ ಅಂಟಿಸುತ್ತಿದ್ದೆವು. ಕನ್ನಡದ್ದು ನನ್ನ ಕೈಬರಹ. ಮೊದಲ ಸಲ ಬಹಳ ಗಂಭೀರವಾಗಿ "ಇದು ಅಪಾಯಕಾರಿ ವಸ್ತುವಲ್ಲ. ಇದನ್ನು ಯಾರೂ ಮುಟ್ಟತಕ್ಕದ್ದಲ್ಲ" ಎಂದು ಬರೆದಿದ್ದೆ. ಆ ಪೆಟ್ಟಿಗೆ ಕುರುಗೋಡಿನ ಗುಡ್ಡದ ಬಂಡೆಗಳ ನಡುವೆ ಇಳಿಯಿತು. ನಾವು ಹೋಗುವಷ್ಟರಲ್ಲಿ ಅಲ್ಲಿಯ ಜನ ಸುತ್ತಲೂ ಜಾಲಿಮುಳ್ಳಿನ ಬೇಲಿ ಹಾಕಿ, ಒಬ್ಬ ಹಿರಿಯರನ್ನು ಕಾವಲಿಗೆ ಕೂರಿಸಿದ್ದರು. ಆ ಅಜ್ಜ ನಮ್ಮನ್ನೂ ಬಿಡಲಿಲ್ಲ.

"ಯಾರೂ ಅಂತ ಬರದೈತಿ. ಯಾರೂ ಅಂದ ಮ್ಯಾಲೆ ನೀವೂ ಅದರಾಗ ಬಂದ್ರಿ" ಎಂದರು.

ಸರ್ ತಮ್ಮ ಗುರುತಿನ ಚೀಟಿ ತೋರಿಸಿದರು. ಅದು ಇಂಗ್ಲಿಷಿನಲ್ಲಿತ್ತು. ಖಾಸಿಂಸಾಬ್ ಜೀಪಿನ ಮೇಲಿನ ಸರ್ಕಾರಿ ಅಕ್ಷರ ತೋರಿಸಿದ. ಅಜ್ಜ ಅಲುಗಲಿಲ್ಲ. ಕೊನೆಗೆ ನಾನು ಚೀಲದಿಂದ ಹಾಳೆ ತೆಗೆದು, ಬಂಡೆಯ ಮೇಲೆ ಇಟ್ಟು, ಅದೇ ಎರಡು ಸಾಲನ್ನು ಅವರೆದುರಿಗೇ ಬರೆದು ಕೊಟ್ಟೆ. ಅವರು ಹಾಳೆ ಹಿಡಿದುಕೊಂಡು ಬೇಲಿಯೊಳಗೆ ಹೋಗಿ, ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಿ, ಹೊರಗೆ ಬಂದು ಮುಳ್ಳು ಸರಿಸಿದರು. ಮುಂದಿನ ಸಲದಿಂದ ಸೂಚನೆಯನ್ನು ಮಾತಿನ ಕನ್ನಡದಲ್ಲೇ ಬರೆದೆ: "ಇದರಾಗ ಅಪಾಯದ್ದೇನೂ ಇಲ್ಲ. ಬಿಚ್ಚಬ್ಯಾಡ್ರಿ. ಎತ್ತಿಟ್ಟು ನಮಗ ತಿಳಸ್ರಿ."

ಈಗ ಆ ತಪ್ಪಿನ ವಿಷಯಕ್ಕೆ ಬರುತ್ತೇನೆ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ.

ನಾನು ಸೇರಿ ಐದು ವರ್ಷವಾಗಿತ್ತು. ಆ ಬೇಸಿಗೆಯ ಹಾರಾಟವನ್ನು ಗ್ರಹಣ ಬಿಡುವ ಹೊತ್ತಿಗೆ ಸರಿಯಾಗಿ ಹೊಂದಿಸಿದ್ದರು. ಉಪಗ್ರಹಗಳ ಲೆಕ್ಕದಿಂದ ಸರ್ ಹೊತ್ತು ತೆಗೆದಿದ್ದರು. ಬೆಳಿಗ್ಗೆ ಆರು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ ನಕ್ಷತ್ರ ಹೊರಗೆ ಬರಬೇಕು. ನಸುಕಿನಲ್ಲೇ ಸಂಕೇತ ಸಿಕ್ಕಿತು. ಐದು ಐವತ್ತೆರಡಕ್ಕೆ ಕಾಗದದ ಸುರುಳಿ ಮುಗಿಯಿತು. ಹೊಸ ಸುರುಳಿ ಹಾಕಲು ನನಗೆ ಒಂದು ನಿಮಿಷ ಸಾಕಾಗುತ್ತಿತ್ತು. ಹೊತ್ತು ಉಳಿಯಲೆಂದು ಶುರುವಿನ ಸಮಯವನ್ನು ಹೊಸ ಸುರುಳಿಯ ತಲೆಯ ಮೇಲೆ ಮೊದಲೇ ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ಅಂದೂ ಐದು ಐವತ್ತಮೂರು ಎಂದು ಬರೆದಿಟ್ಟಿದ್ದೆ. ಆದರೆ ಸುರುಳಿ ಅಂದು ಯಂತ್ರದ ಹಲ್ಲಿಗೆ ಸಿಕ್ಕಿಕೊಂಡು ಹರಿಯಿತು. ಸರ್ ಮಾಳಿಗೆ ಮೇಲೆ ಆಂಟೆನಾ ತಿರುಗಿಸುತ್ತಿದ್ದರು. ನಾನು ಬೆವರುತ್ತಾ ಹರಿದದ್ದನ್ನು ಬಿಡಿಸಿ, ಮತ್ತೆ ತೊಡಿಸಿ, ಲೇಖನಿ ಓಡಿದ ಕೂಡಲೇ ನಿಟ್ಟುಸಿರು ಬಿಟ್ಟೆ. ತಲೆಯ ಮೇಲೆ ಬರೆದಿದ್ದ ಸಮಯ ನೆನಪಿಗೇ ಬರಲಿಲ್ಲ.

ಹಗ್ಗ ಕತ್ತರಿಸಿದ ಮೇಲೆ ಪೆಟ್ಟಿಗೆಯನ್ನು ಕೆಳಗಿನ ಗಾಳಿ ಎಲ್ಲಿಗೋ ಒಯ್ದಿತು. ಖಾಸಿಂಸಾಬ್ ರೂಪನಗುಡಿ, ಕುಡತಿನಿ ಕಡೆಯೆಲ್ಲ ಎರಡು ದಿನ ಜೀಪು ಸುತ್ತಿಸಿ ಬರಿಗೈಲಿ ಬಂದ. ಅಷ್ಟರಲ್ಲಿ ನಾನು ಎಣಿಸಿ ಮುಗಿಸಿದ್ದೆ. ಅಷ್ಟು ಚೆಂದದ ಗ್ರಹಣ ಹಿಂದೆಂದೂ ಸಿಕ್ಕಿರಲಿಲ್ಲ. ಚುಕ್ಕೆಗಳು ಕೆಳಗೆ ಸಾಲಾಗಿ ಬಂದು ಒಮ್ಮೆಲೆ ಮೇಲೇರಿದ್ದವು. ಏರಿದ್ದು ಮಾತ್ರ ಆರು ಹತ್ತೊಂಬತ್ತಕ್ಕೆ. ನಾಲ್ಕು ನಿಮಿಷ ಮೊದಲು.

ಸರ್ ಆ ಹಾಳೆಯನ್ನು ಕೈಗೆ ತೆಗೆದುಕೊಂಡು ನೋಡಿದರು. ಮತ್ತೊಮ್ಮೆ ಎಣಿಸು ಎಂದರು. ಎಣಿಸಿದೆ. ಅದೇ ಬಂತು. ಗ್ರಹಣ ಬೇಗ ಬಿಟ್ಟಿದೆ ಎಂದರೆ ಆ ಎರಡು ನಕ್ಷತ್ರಗಳ ಸುತ್ತಾಟವೇ ಬದಲಾಗುತ್ತಿದೆ ಎಂದರ್ಥ. ಅದನ್ನು ಯಾರೂ ಕಂಡಿರಲಿಲ್ಲ. ಸರ್ ಅಂದು ಊಟಕ್ಕೆ ಮನೆಗೆ ಹೋಗಲಿಲ್ಲ. ದೊಡ್ಡ ಊರಿನ ಪ್ರಯೋಗಾಲಯಗಳಲ್ಲಿ ಅವರ ಜೊತೆ ಓದಿದವರೆಲ್ಲ ಹೆಸರು ಮಾಡಿದ್ದರು. ಇವರು ಹನ್ನೊಂದು ವರ್ಷದಿಂದ ಈ ಬಾಡಿಗೆ ಮನೆಯಲ್ಲಿ ಬೇರೆಯವರ ಬಲೂನಿನ ಸಂಕೇತ ಹಿಡಿಯುತ್ತಿದ್ದರು. ಸಂಜೆ ಖಾಸಿಂಸಾಬನನ್ನು ಕರೆದು ಮಿರ್ಚಿ, ನಮ್ಮ ಕಡೆ ಮಂಡಾಳು ಎನ್ನುವ ಮಂಡಕ್ಕಿ ತರಿಸಿದರು. ಮೂವರೂ ಮಾಳಿಗೆಯ ಮೇಲೆ ಕೂತು ತಿಂದೆವು. ಅವರು ಅಷ್ಟು ನಕ್ಕು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಪುಸ್ತಕ ಮುಗಿಸುವಾಗ, ಹಗ್ಗ ಕತ್ತರಿಸಿ ಸಂಕೇತ ನಿಲ್ಲುವ ಕೊನೆಯ ಗೀಟಿನವರೆಗೆ ಎಣಿಸಿ ಸಮಯ ಬರೆಯುವುದು ಪದ್ಧತಿ. ಮರುದಿನ ಹಾಗೆ ಎಣಿಸಿದರೆ ಹಗ್ಗ ಕತ್ತರಿಸಿದ್ದು ಎಂಟು ಹದಿನಾರಕ್ಕೆ ಎಂದು ಬಂತು. ಮೈದಾನದವರು ಟ್ರಂಕ್ ಕಾಲ್‌ನಲ್ಲಿ ಹೇಳಿದ್ದು ಎಂಟು ಇಪ್ಪತ್ತು ಎಂದು. ಸರ್‌ಗೆ ತೋರಿಸಿದೆ. ಮೈದಾನದವರ ಗಡಿಯಾರ ಮುಂದಿರಬೇಕು ಎಂದು ಅವರು, ಗ್ರಹಣ ಬೇಗ ಬಿಟ್ಟ ಸುದ್ದಿಯನ್ನು ಪ್ರಯೋಗಾಲಯಕ್ಕೆ ತಿಳಿಸುವ ಪತ್ರವನ್ನು ಮುಂದುವರಿಸಿದರು. ನಾನು ಮೇಜಿಗೆ ವಾಪಸು ಬಂದು ಕೂತೆ. ಹರಿದ ಕಾಗದದ ಚೂರು ಇನ್ನೂ ಕಸದ ಬುಟ್ಟಿಯಲ್ಲಿತ್ತು. ಅದನ್ನು ನೋಡಿದ್ದೇ, ಸುರುಳಿಯ ತಲೆಯ ಮೇಲೆ ತಿದ್ದದೇ ಬಿಟ್ಟ ಐದು ಐವತ್ತಮೂರು ನೆನಪಾಯಿತು.

ಎರಡು ದಿನ ಬಾಯಿ ಬಿಡಲಿಲ್ಲ. ಅದನ್ನೂ ಹೇಳಬೇಕು. ನನ್ನದು ವರ್ಷಕ್ಕೊಮ್ಮೆ ಮುಂದುವರಿಸುವ ತಾತ್ಕಾಲಿಕ ಕೆಲಸ. ಮುಂದುವರಿಸಿ ಎಂದು ಸರ್ ಕಾಗದ ಬರೆಯಬೇಕಾಗಿದ್ದ ತಿಂಗಳು ಅದು. ಆದರೆ ಅದಕ್ಕಿಂತ ಹೆಚ್ಚಾಗಿ ನನ್ನ ಬಾಯಿ ಕಟ್ಟಿದ್ದು ಮಾಳಿಗೆ ಮೇಲೆ ಅವರು ನಕ್ಕಿದ್ದು. ಮೂರನೆಯ ದಿನ ಅವರು ಪತ್ರವನ್ನು ಲಕೋಟೆಗೆ ಹಾಕಿ ಅಂಚಿಗೆ ಅಂಟು ಹಚ್ಚುತ್ತಿದ್ದರು. ಎದುರಿಗೆ ಹೋಗಿ ನಿಂತೆ. ಸುರುಳಿ ಹರಿದದ್ದು, ಸಮಯ ಮೊದಲೇ ಬರೆದಿಟ್ಟದ್ದು, ತಿದ್ದದೇ ಬಿಟ್ಟದ್ದು, ಎಲ್ಲ ಹೇಳಿದೆ.

ಅವರು ಅಂಟಿನ ಸೀಸೆಯ ಮುಚ್ಚಳ ಹಾಕಿದರು. ಎದ್ದು ಹೊರಗೆ ಹೋಗಿ, ಜೀಪಿನ ಹತ್ತಿರ ಬಹಳ ಹೊತ್ತು ನಿಂತರು. ವಾಪಸು ಬಂದಾಗ ದನಿ ಸಣ್ಣದಾಗಿತ್ತು.

"ಎಷ್ಟು ನಿಮಿಷ ಹಿಡೀತು ಅಂತ ನಿನಗ ಖಾತ್ರಿ ಐತೇನು?"

"ಇಲ್ರಿ ಸರ್. ಗಡಿಯಾರ ನೋಡ್ಲಿಲ್ಲ. ನಾಕೂ ಇರಬೌದು, ಎರಡೂ ಇರಬೌದು."

"ಹಂಗಾರ ಪೆಟ್ಟಿಗಿ ಸಿಗಬೇಕು" ಎಂದರು.

ಪೆಟ್ಟಿಗೆಯೊಳಗೆ ಒಂದು ಪುಟ್ಟ ಕ್ಯಾಮೆರಾ ಇರುತ್ತಿತ್ತು. ಅದು ಒಂದು ಕೈಗಡಿಯಾರ, ಒತ್ತಡದ ಮಾಪಕ, ಎಣಿಕೆಯ ಅಂಕಿ ಮೂರನ್ನೂ ಸೇರಿಸಿ ನಿಮಿಷಕ್ಕೊಂದು ಚಿತ್ರ ತೆಗೆಯುತ್ತಿತ್ತು. ನಮ್ಮ ಕಾಗದ ಕೈಕೊಟ್ಟರೆ ಇರಲಿ ಎಂದು. ಆ ಫಿಲ್ಮೇ ಈಗ ಸಾಕ್ಷಿ.

ಇನ್ನೂ ನಾಲ್ಕು ದಿನ ಕಳೆದು ಸಿರುಗುಪ್ಪದಿಂದ ತಂತಿ ಬಂತು. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯ ಭತ್ತದ ಗದ್ದೆಯಲ್ಲಿ ಪೆಟ್ಟಿಗೆ ಸಿಕ್ಕಿದೆ ಎಂದು. ನೀರು ನಿಂತ ಗದ್ದೆ ಎಂದು ಓದುತ್ತಲೇ ಸರ್ ಮುಖ ಸಪ್ಪೆಯಾಯಿತು. ಖಾಸಿಂಸಾಬ್ ಕಾಲುವೆ ಏರಿಯ ಮೇಲೆ ಜೀಪು ಹಾರಿಸಿಕೊಂಡು ಹೋದ. ಅವನಿಗೂ ವಿಷಯ ಗೊತ್ತಿತ್ತು. ದಾರಿಯಲ್ಲಿ ಒಮ್ಮೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ನಾನು ಹೋದ ವರ್ಷ ಜೀಪು ಹಳ್ಳಕ್ಕ ಇಳಿಸಿದ್ದೆ, ಸಾಹೇಬ್ರು ಏನಂದ್ರು? ಏನೂ ಅನ್ನಲಿಲ್ಲ" ಎಂದ. ಹಿಂದೆ ನನ್ನ ಪಕ್ಕದಲ್ಲೇ ಕೂತಿದ್ದ ಸರ್‌ಗೆ ಅದು ಕೇಳಿಸಿದ್ದಿರಬೇಕು.

ಗದ್ದೆಯವರ ಮನೆಯಲ್ಲಿ ನಮ್ಮನ್ನು ಎದುರುಗೊಂಡವಳು ತಾಯಮ್ಮ ಎಂಬ ನಡುವಯಸ್ಸಿನ ಹೆಂಗಸು. ಪ್ಯಾರಾಚೂಟಿನ ಬಟ್ಟೆಯನ್ನು ಅಂಗಳದಲ್ಲಿ ಮಡಚಿಟ್ಟಿದ್ದಳು. ಪೆಟ್ಟಿಗೆ ಎಲ್ಲೂ ಕಾಣಲಿಲ್ಲ. ಸರ್ ಕೇಳಿದಾಗ ಆಕೆ ನಮ್ಮನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಭತ್ತದ ಹೊಟ್ಟಿನ ರಾಶಿಯೊಂದನ್ನು ತೋರಿಸಿದಳು.

"ಅರ್ಧಾ ನೀರಾಗ ಕುಂತಿತ್ರಿ. ತೊಯ್ದದ್ದನ್ನ ಹೊಟ್ಟಿನಾಗ ಹುಗದಿಟ್ರ ನೀರೆಲ್ಲಾ ಹೀರಕೊಂತೈತಿ. ದಿನಾ ಹೊಟ್ಟು ಬದಲಿ ಮಾಡೀನ್ರಿ."

ಬಿಚ್ಚಿದ್ದೀರಾ ಎಂದು ಸರ್ ಕೇಳಿದರು. ಆಕೆಗೆ ಬೇಸರವಾಯಿತು.

"ನಮ್ಮ ಮೈದುನ ಸುತ್ತಿಗಿ ತಗೊಂಡು ಬಂದಿದ್ದ. ನಾದಿನಿ ಚೀಟಿ ಓದಿದ್ಲು, ಬಿಚ್ಚಬ್ಯಾಡ್ರಿ ಅಂತ ಬರದೈತಿ ಅಂದ್ಲು. ಹಿಂಗ ನಮ್ಮ ಮಾತಿನಾಗ ಬರದಾರ ಅಂದ್ರ ಯಾರೋ ನಮ್ಮೋರ ಇರಬೇಕು, ಇಡು ಸುತ್ತಿಗಿ ಅಂದೆ."

ನಾವು ಮೂವರೂ ಮೊಣಕಾಲೂರಿ ಹೊಟ್ಟು ಸರಿಸಿದೆವು. ಪೆಟ್ಟಿಗೆ ಒಣಗಿ ಬೆಚ್ಚಗಿತ್ತು. ಕ್ಯಾಮೆರಾದ ಮುಚ್ಚಳ ಭದ್ರವಾಗಿತ್ತು. ಸರ್ ಅದನ್ನು ಟವೆಲಿನಲ್ಲಿ ಸುತ್ತಿ, ಬಳ್ಳಾರಿ ತಲುಪುವವರೆಗೆ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದರು. ಬಲೂನಿನ ಪ್ಲಾಸ್ಟಿಕ್ ಹಾಳೆಯಲ್ಲಿ ಸಿಕ್ಕಷ್ಟನ್ನು ತಾಯಮ್ಮನಿಗೇ ಬಿಟ್ಟು ಬಂದೆವು. ಭತ್ತದ ರಾಶಿಯ ಮೇಲೆ ಹೊದಿಸಲು ಆಕೆಗೆ ಬೇಕಿತ್ತು.

ಫಿಲ್ಮನ್ನು ಸರ್ ತಾವೇ ಬಚ್ಚಲಮನೆಯ ಕತ್ತಲಲ್ಲಿ ತೊಳೆದರು. ಕೊನೆಯ ಭಾಗ ನೀರು ತಾಗಿ ಕಲೆಯಾಗಿತ್ತು. ನಮಗೆ ಬೇಕಾದದ್ದು ಉಳಿದಿತ್ತು. ಒಂದೊಂದೇ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡುತ್ತಾ ಅವರು ಗಡಿಯಾರದ ಮುಳ್ಳು, ಅಂಕಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಆರು ಇಪ್ಪತ್ತು. ಆರು ಇಪ್ಪತ್ತೊಂದು. ಇಪ್ಪತ್ತೆರಡು. ಬಂದ ಕಣಗಳನ್ನು ಕೂಡುತ್ತಾ ಹೋಗುವ ಆ ಅಂಕಿ ಒಂದೇ ಸಮನೆ ಏರುತ್ತಿತ್ತು, ಗದ್ದಲದಷ್ಟೇ. ಇಪ್ಪತ್ತಮೂರು. ಇಪ್ಪತ್ತನಾಲ್ಕರ ಚಿತ್ರಕ್ಕೆ ಬಂದಾಗ ಅವರು ಅಂಕಿಯನ್ನು ಎರಡು ಸಲ ಓದಿದರು. ನಾನು ಅದರಲ್ಲಿ ಹಿಂದಿನ ಅಂಕಿಯನ್ನು ಕಳೆದು ನೋಡಿದೆ. ಅಲ್ಲಿ ಜಾಸ್ತಿ ಇತ್ತು. ನಕ್ಷತ್ರ ಲೆಕ್ಕ ಹೇಳಿದ ಹೊತ್ತಿಗೇ ಬಂದಿತ್ತು. ಆ ನಾಲ್ಕು ನಿಮಿಷವೂ ನನ್ನದೇ.

ಸರ್ ಭೂತಗನ್ನಡಿ ಕೆಳಗಿಟ್ಟು ಹಳೆಯ ಲಕೋಟೆ ಹರಿದರು. ಹೊಸ ಪತ್ರ ಚಿಕ್ಕದಿತ್ತು. ಸಮಯದ ದೋಷವನ್ನು ಕೇಂದ್ರದ ಸಹಾಯಕಿ ಗೌರಮ್ಮ ಪತ್ತೆ ಮಾಡಿದರು ಎಂದು ಅದರಲ್ಲಿ ಬರೆದರು. ನನಗೆ ತಡೆಯಲಾಗಲಿಲ್ಲ.

"ಮಾಡಿದಾಕಿನೂ ನಾನ ಅಲ್ಲೇನ್ರಿ ಸರ್?"

"ಮಾಡೋರು ಎಲ್ಲಾರೂ ಅದೀವಮ್ಮ. ಹಿಡದಾಕಿ ಒಬ್ಬಾಕಿ" ಎಂದು ಸಹಿ ಹಾಕಿದರು. ಆಮೇಲೆ ಹೊಸ ಗ್ರಾಫ್ ಹಾಳೆ ಕೊಟ್ಟು ಎಲ್ಲವನ್ನೂ ಸರಿಯಾದ ಸಮಯಕ್ಕೆ ಮತ್ತೆ ಬರೆ ಎಂದರು.

ಎಂಬತ್ತರ ಹೊತ್ತಿಗೆ ಟೇಪು ಬಂತು, ಅದರ ಹಿಂದೆಯೇ ಕಂಪ್ಯೂಟರ್ ಬಂತು. ಎಣಿಸುವವರು ಬೇಕಾಗಲಿಲ್ಲ. ಗಡಿಯಾರವೂ ಸುರುಳಿಯೂ ಈಗ ಒಂದೇ ಯಂತ್ರದೊಳಗಿವೆ, ನನ್ನಂಥ ತಪ್ಪು ನಿಮಗೆ ಆಗಲಾರದು. ಬೇರೆ ತಪ್ಪುಗಳು ಆಗುತ್ತವೆ. ಆದಾಗ ಎರಡು ದಿನ ಕಾಯಬೇಡಿ.

ಆ ಹೊಸ ಪತ್ರ ಬರೆದ ದಿನ ಮಧ್ಯಾಹ್ನ ಸರ್ ಹೊಸ ಹಾಳೆಯ ಮೇಲೆ ಮೊದಲೇ ಕೆಂಪು ಪೆನ್ಸಿಲಿನಿಂದ ಒಂದು ಗೆರೆ ಎಳೆದುಕೊಟ್ಟಿದ್ದರು. ಲೆಕ್ಕದ ಪ್ರಕಾರ ಗ್ರಹಣ ಬಿಡಬೇಕಾದ ಹೊತ್ತು ಅದು. ಅವರು ಖಾಸಿಂಸಾಬನ ಜೊತೆ ಊಟಕ್ಕೆ ಹೋದರು. ನಾನೊಬ್ಬಳೇ ಕೂತು ಚುಕ್ಕೆ ಇಡುತ್ತಾ ಬಂದೆ. ಕೆಳಗೆ, ಕೆಳಗೆ, ಕೆಳಗೆ. ಕೆಂಪು ಗೆರೆ ದಾಟಿದ ಮೊದಲ ಚುಕ್ಕೆ ಮೇಲೆ ಹೋಯಿತು. ಅದರ ಪಕ್ಕದ್ದೂ ಮೇಲೆ. ನಾನು ತಪ್ಪು ಮಾಡಿದರೂ, ತಿದ್ದಿದರೂ, ಯಾರೂ ನೋಡದಿದ್ದರೂ ಅದು ತನ್ನ ಹೊತ್ತಿಗೆ ಹೊರಗೆ ಬಂದಿತ್ತು. ಐದು ವರ್ಷ ಎಣಿಸಿದ್ದೆ. ಅಲ್ಲಿ ನಿಜವಾಗಿಯೂ ಏನೋ ಇದೆ ಎಂದು ನಂಬಿದ್ದು ಅವತ್ತು.